ಬೆನ್ನು ತಿರುಗಿಸಿ ಕೂರುವ ಆಟ

ಬಾಗಿಲ ಆಚೆ ಯಾವುದೋ ಮಗು ಕನ್ನಡ ಮಾತಾಡುತ್ತಿತ್ತು. ವಡೋದರಾದ ಅಲ್ಕಾಪುರಿಯಲ್ಲಿ ನಮ್ಮ ಕನ್ನಡ ಬಳಗದವರೊಬ್ಬರ ಆಫೀಸಿದೆ. ಭಾನುವಾರ ಅದು ಖಾಲಿ ಇರುವುದರಿಂದ ಮಕ್ಕಳ ಕನ್ನಡ ತರಗತಿ ಅಲ್ಲೇ ನಡೆಯುತ್ತದೆ. ಮಗಳನ್ನು ಕರೆದುಕೊಂಡು ಹೋಗಲು ಬಂದವಳು ಮೆಟ್ಟಿಲ ಮೇಲೆಯೇ ನಿಂತೆ.

"ಅಲ್ಲಿ ಪಾನಿಪುರಿ ಮಾರಾಂವ ಅದಾನಲ್ರಿ, ಅಂವಗ ನನ್ನ ಕಂಡ್ರ ಭಾಳ ಸಿಟ್ಟು. ಯಾಕಂದ್ರ ಖಾರ ಹಾಕ್ರಿ ಅನ್ನಾಕಿನೂ ನಾನ, ಆಮ್ಯಾಲೆ ಅಳಾಕಿನೂ ನಾನ."

ಎಷ್ಟು ಚೆನ್ನಾಗಿ ಮಾತಾಡುತ್ತದಲ್ಲ, ಯಾರ ಮನೆಯ ಮಗುವೋ ಎಂದು ಇಣುಕಿದೆ. ನನ್ನ ಮಗಳು! ಮಿಕ್ಕ ಮಕ್ಕಳೆಲ್ಲ ಆಫೀಸಿನ ತಿರುಗುವ ಕುರ್ಚಿಗಳಲ್ಲಿ ಅವಳಿಗೆ ಬೆನ್ನು ಹಾಕಿ ಕೂತಿದ್ದರು. ಮಾತು ಕೇಳಬೇಕು ಅನ್ನಿಸಿದವರು ಮಾತ್ರ ಅವಳ ಕಡೆ ತಿರುಗಬಹುದು, ಅದೇ ಆಟ. ನೋಡುತ್ತಿದ್ದಂತೆ ಒಂದೊಂದೇ ಕುರ್ಚಿ ತಿರುಗಿತು. ಕೊನೆಗೆ ಟೀಚರ್ ಕೂತಿದ್ದ ಕುರ್ಚಿಯೂ ತಿರುಗಿತು. ಮಗಳ ಮುಖ ಅರಳಿದ್ದು ಆವಾಗಲೇ.

ನನಗೆ ಖುಷಿಯಾಗಬೇಕಿತ್ತು. ಆಗಿದ್ದು ಹೊಟ್ಟೆಕಿಚ್ಚು, ಅದೂ ಅಪ್ಪಟವಾದದ್ದು.

ಆ ತರಗತಿ ಈ ಟೀಚರ್ ಬರುವ ಮುಂಚೆ ನನ್ನದಾಗಿತ್ತು. ರಾಜ್ಯೋತ್ಸವದ ದಿನ ಮಕ್ಕಳು ವೇದಿಕೆಯ ಮೇಲೆ ಮಾತಾಡಬೇಕು ಅಂತ ನಾನೇ ಭಾಷಣ ಬರೆದು, ಅವರು ಓದಬಲ್ಲ ಹಿಂದಿ ಅಕ್ಷರದಲ್ಲಿ ಇಳಿಸಿ, ಬಾಯಿಪಾಠ ಮಾಡಿಸುತ್ತಿದ್ದೆ. ಕಳೆದ ಸಲ ನನ್ನ ಮಗಳೇ ನಡುವೆ ಮರೆತು ನಿಂತುಬಿಟ್ಟು, ಮೈಕಿನಲ್ಲಿ "ಭೂಲ್ ಗಯೀ" ಅಂದಳು. ಸಭೆಯೆಲ್ಲ ಪ್ರೀತಿಯಿಂದಲೇ ನಕ್ಕಿತು. ಮುಂದಿನ ವಾರ ಬಳಗದ ಕಾರ್ಯದರ್ಶಿ ಫೋನ್ ಮಾಡಿ, "ಪಾಪ, ನೀವೊಬ್ರೇ ಎಷ್ಟೂಂತ ಮಾಡ್ತೀರಿ ಮೇಡಮ್, ಸ್ವಲ್ಪ ರೆಸ್ಟ್ ತಗೊಳ್ಳಿ" ಎಂದರು. ಆ ರೆಸ್ಟಿನ ಅರ್ಥ ತಿಳಿಯದಷ್ಟು ದಡ್ಡಿ ನಾನಲ್ಲ.

ನನ್ನ ಜಾಗಕ್ಕೆ ಬಂದವಳು ಧಾರವಾಡದ ಹುಡುಗಿ, ಇಲ್ಲಿ ಎಂ.ಎ. ಓದುತ್ತಿದ್ದಳು. ಮಕ್ಕಳಿಗೆ ಅವಳು ಅಕ್ಕ. ಅ ಆ ಕಲಿಸುವುದಿಲ್ಲ, ಬರೆಸುವುದಿಲ್ಲ, ಬರೀ ಆಟ. ಚೀಲದಿಂದ ಬಾಚಣಿಗೆಯನ್ನೋ ಬಲ್ಬನ್ನೋ ತೆಗೆದು ಕೈಗೆ ಕೊಟ್ಟು, ಇದನ್ನು ನನಗೆ ಮಾರು ನೋಡೋಣ ಅನ್ನುತ್ತಾಳೆ. ಇದೆಂಥ ಪಾಠ ಅಂತ ನಾನು ಮನೆಯಲ್ಲಿ ಗೊಣಗಿದೆ. ಅವಳ ದುಪಟ್ಟಾ ನೆಲಕ್ಕೆ ತಾಗುತ್ತದೆ ಅಂತಲೂ ಗೊಣಗಿದೆ. "ಅವಳ ದುಪಟ್ಟಾ ನಿನಗೇನು ಮಾಡ್ತು?" ಎಂದರು ನನ್ನ ಗಂಡ.

ಮಗಳು ಹುಟ್ಟಿದಾಗಿನಿಂದ ನಾನು ಅವಳೊಡನೆ ಮೈಸೂರಿನ ನನ್ನ ಕನ್ನಡವನ್ನೇ ಆಡಿದ್ದೇನೆ. ಅವಳಿಗೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಶಾಲೆ, ಗೆಳತಿಯರು, ಪಕ್ಕದ ಮನೆಯ ಗುಜರಾತಿ ಅಜ್ಜಿ, ಎಲ್ಲರ ಮೇಲೂ ತಪ್ಪು ಹೊರಿಸಿ ಸಮಾಧಾನ ಮಾಡಿಕೊಂಡಿದ್ದೆ. ಈಗ ನೋಡಿದರೆ ಮಗುವಿನ ಬಾಯಲ್ಲಿ ಕನ್ನಡ ನೀರಿನ ಹಾಗೆ ಹರಿಯುತ್ತಿದೆ, ಆದರೆ ಅದು ಇನ್ನೊಬ್ಬಳ ಕನ್ನಡ. ಅದೂ ಭಾನುವಾರ ಮಾತ್ರ.

"ಅಲ್ಲಿ ಅಷ್ಟು ಚೆನ್ನಾಗಿ ಮಾತಾಡ್ತೀಯ, ಮನೇಲಿ ನನ್ ಜೊತೆ ಯಾಕೆ ಆಡಲ್ಲ?" ಎಂದು ಕೇಳಿದೆ.

"ವಹಾಂ ತೋ ಗೇಮ್ ಹೈ, ಮಮ್ಮಾ."

ಅದಕ್ಕೇನಂತೆ, ಆಟ ನನಗೂ ಬರುತ್ತದೆ! ಊಟದ ಮನೆಯಲ್ಲಿ ಕುರ್ಚಿ ಹಾಕಿಕೊಂಡು, ಅವಳಿಗೆ ಬೆನ್ನು ಮಾಡಿ ಕೂತು, ಮಾತಾಡು ಅಂದೆ. ಅವಳು ನಾಚಿಕೊಂಡು ಶುರು ಮಾಡಿದಳು: "ನಮ್ಮ ಸಾಲ್ಯಾಗ..." ನಾನು ಗಿರ್ರನೆ ತಿರುಗಿ "ಸಾಲ್ಯಾಗ ಅಲ್ಲಮ್ಮ, ಶಾಲೇಲಿ" ಎಂದೆ. ಅವಳು ನನ್ನನ್ನು ನೋಡಿ, ನಿನಗೆ ಆಡಲು ಬರುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿ ಎದ್ದು ಹೋದಳು. ಆ ರಾತ್ರಿ ಪಾತ್ರೆಗಳ ಸದ್ದು ಸ್ವಲ್ಪ ಜೋರಾಗಿಯೇ ಇತ್ತು.

ಈ ಸಲದ ರಾಜ್ಯೋತ್ಸವದ ದಿನ ಅವಳು ಕೈಯಲ್ಲಿ ಚೀಟಿಯಿಲ್ಲದೆ, ತಡವರಿಸದೆ ಮಾತಾಡಿದಳು. ಪಾನಿಪುರಿಯವನ ಕಥೆಗೆ ಜನ ಬಿದ್ದು ಬಿದ್ದು ನಕ್ಕರು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕಡೆ ಬಾಗಿ, "ನಿಮ್ಮದೂ ಧಾರವಾಡ ಕಡೀನ ಏನ್ರಿ?" ಎಂದು ಕೇಳಿದರು. ಅಲ್ಲ, ಮೈಸೂರು ಎಂದೆ. "ಹಂಗಾದ್ರ ಹುಡುಗಿ ಯಾರ ಕಡಿಂದ ಕಲಿತಾಳ್ರಿ?" ವೇದಿಕೆಯಿಂದ ಇಳಿದ ಮಗಳು ನಾನು ಚಾಚಿದ ಕೈಯನ್ನು ದಾಟಿ ಅಕ್ಕನ ಹತ್ತಿರ ಓಡಿದಳು. ನಾನು ಚಾಚಿದ ಕೈಯಿಂದ ಸೆರಗು ಸರಿಮಾಡಿಕೊಂಡೆ.

ಬೇಸಿಗೆಯಲ್ಲಿ ಆ ಹುಡುಗಿಗೆ ಸೂರತ್ ಹತ್ತಿರದ ಹಜೀರಾದಲ್ಲಿ, ಕಾರ್ಖಾನೆಯ ಕಾಲೊನಿಯೊಂದರ ಶಾಲೆಯಲ್ಲಿ ಕೆಲಸ ಸಿಕ್ಕಿತು. ಸುದ್ದಿ ಕೇಳಿ ನಾನು ಕೇಸರಿಬಾತ್ ಮಾಡಿಕೊಂಡು ಹೋಗಿ ಹಂಚಿದೆ. ಎಂಥ ದೊಡ್ಡ ಮನಸ್ಸು ಅಂತ ಬಳಗದವರೆಲ್ಲ ಹೊಗಳಿದರು. ತುಪ್ಪ ಯಾಕೆ ಅಷ್ಟು ಧಾರಾಳವಾಗಿ ಸುರಿದಿದ್ದೆ ಅನ್ನುವುದು ನನಗೆ ಗೊತ್ತಿತ್ತು.

ತರಗತಿ ಮತ್ತೆ ನನ್ನ ಕೈಗೆ ಬಂತು. ಮಗಳು ಬರುವುದನ್ನೇ ಬಿಟ್ಟಳು. ಭಾನುವಾರ ಟೀವಿ ಮುಂದೆ ಕೂರುತ್ತಾಳೆ. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ಬಾಗಿಲ ಆಚೆ ನಿಂತು ಕೇಳಿದ ಆ ಕನ್ನಡ ಈಗ ಎಲ್ಲಿಯೂ ಇಲ್ಲ. ಅದನ್ನು ಕೇಳದೆ ನನಗೆ ಇರಲಾಗುತ್ತಿಲ್ಲ ಅನ್ನುವುದು ಗೊತ್ತಾದಾಗ ನನ್ನ ಮೇಲೆಯೇ ಸಿಟ್ಟು ಬಂತು.

ಒಂದು ಸಂಜೆ ಅವಳು ತಟ್ಟೆಯಲ್ಲಿ ಚಪಾತಿ ಹರಿಯುತ್ತ ಸುಮ್ಮನೆ ಕೂತಿದ್ದಳು. ಹೋಗಲಿ, ಮಾನ ಹೋದರೂ ಚಿಂತೆಯಿಲ್ಲ ಎಂದುಕೊಂಡು, ನನ್ನ ನಾಲಿಗೆಗೆ ಒಗ್ಗದ ಮಾತನ್ನು ಬಾಯಿಗೆ ತಂದುಕೊಂಡೆ.

"ಯಾಕವಾ, ಊಟಾ ಸೇರವಲ್ದೇನು? ಅಕ್ಕನ ನೆನಪಾತೇನು?"

ಅವಳು ತಲೆ ಎತ್ತಿದಳು. ಕಣ್ಣು ತುಂಬಿತ್ತು, ಸಿಟ್ಟೂ ಇತ್ತು.

"ನೀ ಹಂಗ ಮಾತಾಡಬ್ಯಾಡಮ್ಮಾ. ಅದು ಅಕ್ಕಂದು."

ನನ್ನ ಮನೆಯಲ್ಲಿ, ನನ್ನ ಮುಖ ನೋಡಿ, ಮಗಳು ನನಗೇ ಅಂತ ಪೂರ್ತಿ ಕನ್ನಡದಲ್ಲಿ ಆಡಿದ ಮೊದಲ ಮಾತು ಅದು. ಅದನ್ನೂ ನನ್ನನ್ನು ದೂರ ಇಡುವುದಕ್ಕೇ ಆಡಿದಳು. ಉತ್ತರ ಕೊಡಲು ಬಾಯಿ ತೆರೆದೆ. ಯಾವ ಕನ್ನಡದಲ್ಲಿ ಕೊಡಬೇಕೋ ತಿಳಿಯದೆ, ಅವಳ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದೆ.