ಕೈಗುಣದ ಅಕ್ಕೋರು

ಅವರ ಬಲ ಅಂಗೈ ರೊಟ್ಟಿ ತಟ್ಟುವವರ ಅಂಗೈಯಂತೆ ಅಗಲವಾಗಿತ್ತು. ಹೆಬ್ಬೆರಳಿನ ಬುಡದಲ್ಲಿ, ಹಿಂದೆಂದೋ ಕತ್ತರಿ ಕುದಿಸುವ ಪಾತ್ರೆ ತಗುಲಿ ಸುಟ್ಟ ಕಲೆ. ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಹೆಂಗಸರು ಬುಟ್ಟಿ ಕೆಳಗಿಟ್ಟು ಬಂದು, ಆ ಕೈಯನ್ನು ಹಿಡಿದು ಕಣ್ಣಿಗೆ ಒತ್ತಿಕೊಳ್ಳುವುದನ್ನು ನಾನೇ ನೋಡಿದ್ದೇನೆ. ಹುಟ್ಟಿದ ಕೂಸು ಅಳದಿದ್ದರೆ ಕಾಲು ಹಿಡಿದು ತಲೆಕೆಳಗು ಮಾಡಿ, ಬೆನ್ನಿಗೆ ಛಟೀರೆಂದು ಬಾರಿಸಿ ಅಳಿಸುತ್ತಿದ್ದ ಕೈ ಅದು. ಆ ಬಾಯಿಯದು ಕೈಗುಣ ಎಂದು, ನರ್ಸಮ್ಮನನ್ನು ಬಾಯಿ ಎಂದೇ ಕರೆಯುವ ಸುತ್ತಲಿನ ಹಳ್ಳಿಗಳಲ್ಲೆಲ್ಲ ಮಾತು.

ಆದರೆ ನಾನು ಅವರನ್ನು ಹತ್ತಿರದಿಂದ ಕಂಡ ಕಾಲಕ್ಕೆ ಆ ಕೈ ಹೆರಿಗೆ ಕೋಣೆಯಲ್ಲಿ ಕಾಣುತ್ತಲೇ ಇರಲಿಲ್ಲ. ಅದನ್ನು ಬೆನ್ನ ಹಿಂದೆ ಒಯ್ದು, ಎಡಗೈಯಿಂದ ಮಣಿಕಟ್ಟನ್ನು ಭದ್ರವಾಗಿ ಹಿಡಿದುಕೊಂಡು ಅವರು ಸುಮ್ಮನೆ ನಿಲ್ಲುತ್ತಿದ್ದರು. ಕೆಲಸ ಮಾಡುತ್ತಿದ್ದವರು ನಾವು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತೇವೆ. ಅವರು ಶಾಲೆಯಲ್ಲಿ ಕಲಿಸಿದವರಲ್ಲ, ನಮ್ಮ ಹಾಗೆಯೇ ನರ್ಸು. ಆದರೂ ಬೀದರ್ ಜಿಲ್ಲೆಯ ಹೆರಿಗೆ ವಾರ್ಡುಗಳ ನರ್ಸುಗಳಿಗೆಲ್ಲ ಅವರು ಅಕ್ಕೋರೇ. ಕೆಲಸಕ್ಕೆ ಸೇರಿ ವರ್ಷಗಳಾದ ನರ್ಸುಗಳಿಗೆ ತಾಯಿ-ಮಗುವಿನ ಆರೈಕೆಯ ಹೊಸ ಪಾಠಗಳನ್ನು ಕಲಿಸುವ ಜವಾಬ್ದಾರಿ ಅವರ ಪಾಲಿಗೆ ಬಂದಿತ್ತು. ಮೈಲೂರಿನ ಮನೆಯಿಂದ ಬೆಳಿಗ್ಗೆ ಹೊರಟು, ಒಂದು ದಿನ ಭಾಲ್ಕಿ, ಇನ್ನೊಂದು ದಿನ ಔರಾದ್ ಎಂದು ಬಸ್ಸಿನಲ್ಲೇ ತಿರುಗುತ್ತಿದ್ದರು. ಹೆಗಲ ಚೀಲದಲ್ಲಿ ಊಟದ ಡಬ್ಬಿ, ತೋಳಲ್ಲಿ ರಬ್ಬರಿನ ಕೂಸು. ಆ ಗೊಂಬೆಯನ್ನು ಅವರು ಬಟ್ಟೆಯಲ್ಲಿ ಸುತ್ತಿ, ತಲೆಗೆ ಟೋಪಿ ಹಾಕಿಯೇ ಒಯ್ಯುತ್ತಿದ್ದರು. ಒಮ್ಮೆ ಔರಾದ್ ಬಸ್ಸಿನಲ್ಲಿ ಪಕ್ಕದ ಮುದುಕಿ, "ಏನ್ ತಾಯಿ ಅದೀ ಬೇ, ಕೂಸಿನ ಮಾರಿ ಮ್ಯಾಲಿನ ಅರಬಿ ತಗೀ, ಉಸರು ಕಟ್ಟತದ," ಎಂದು ಗದರಿದಳಂತೆ. ಇವರು ನಗದೆ ಬಟ್ಟೆ ಸರಿಸಿ, ಬಸ್ಸು ಸಂತಪುರ ದಾಟುವವರೆಗೆ ಕೂಸನ್ನು ಬೆಚ್ಚಗಿಡುವುದು ಹೇಗೆಂದು ಇಡೀ ಬಸ್ಸಿಗೆ ಪಾಠ ಮಾಡಿದರು. ಕಂಡಕ್ಟರೂ ಬಿಡಲಿಲ್ಲ, ಕೂಸಿಗೂ ಟಿಕೆಟ್ ತೆಗೆಸಿ ಎಂದನಂತೆ.

ನನಗೆ ಮೊದಲು ಅವರ ತರಬೇತಿಯ ಕರೆ ಬಂದಾಗ ಸಿಟ್ಟೇ ಬಂದಿತ್ತು. ನಾನು ಮನ್ನಳ್ಳಿಯ ರೈತರ ಮಗಳು, ಓದಿ ನರ್ಸಾಗಿ ಎಷ್ಟೋ ಹೆರಿಗೆ ಮಾಡಿಸಿದವಳು. ನನಗೆ ಈಗ ಗೊಂಬೆ ಕೊಟ್ಟು ಕಲಿಸುವುದೇನು ಎಂದು ಮೂಗು ಮುರಿದುಕೊಂಡೇ ಬೀದರಿಗೆ ಹೋದೆ. ಅಲ್ಲಿ ನನಗಿಂತ ಹಿರಿಯರ ಮುಖಗಳೂ ಹಾಗೇ ಇದ್ದವು. ಬೀದರಿನವಳೇ ಆದ ನನ್ನ ಗೆಳತಿ, ಬುರ್ಖಾ ಮಡಚಿ ಚೀಲಕ್ಕೆ ತುರುಕುತ್ತ, "ಗುಡ್ಡಿ-ಗೊಂಬಿ ಸಂಗಟ ಆಡೋ ಉಮರ್ ಏನ್ರೀ ನಮ್ದು?" ಎಂದು ಎಲ್ಲರಿಗೂ ಕೇಳುವಂತೆಯೇ ಅಂದಳು.

ಅಕ್ಕೋರು ಗೊಂಬೆಯನ್ನು ಮೇಜಿನ ಮೇಲೆ ಮಲಗಿಸಿದರು. "ಗುಡ್ಡಿ ಸತ್ರ ಯಾರ ಮನ್ಯಾಗೂ ಅಳಂಗಿಲ್ಲ ಬೇಟಾ. ಅದಕ್ಕ ಮಾಡೋ ತಪ್ಪೆಲ್ಲ ಇದರ ಮ್ಯಾಲ ಮಾಡ್ರಿ," ಎಂದರು.

ಆಮೇಲೆ ಅವರು ತಮ್ಮ ಅಂಗೈ ಎತ್ತಿ ತೋರಿಸಿದರು. ಅದರ ಹೆಸರು ಕೇಳದವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. "ಈ ಕೈಲೇ ನಾ ಕೂಸುಗೋಳ್ನ ಹೊಡದು ಅಳಸೀನಿ. ಮಂದಿ ಕೈಗುಣ ಅಂದ್ರು, ನಾನೂ ಹೌದಂತ ನಂಬಿದೆ. ನಂದೇ ಟ್ರೇನಿಂಗಿಗೆ ಹೋದಾಗ, ನನ್ನ ಮಗಳ ವಯಸ್ಸಿನ ಒಬ್ಬಾಕಿ ಅಂದ್ಳು, ಹಂಗ ಮಾಡಬ್ಯಾಡ್ರಿ, ಕೂಸಿಗೆ ಪೆಟ್ಟಾಗ್ತದ, ಉಸರು ಕೊಡೋ ಟೈಮ್ ಹೊಡಿಯೋದ್ರಾಗೇ ಹೋಗ್ತದ ಅಂತ. ಅವತ್ತು ಮಧ್ಯಾಹ್ನ ನನಗ ಊಟ ಸೇರಲಿಲ್ಲ."

ಯಾರೋ ಹಿಂದಿನಿಂದ, "ಮತ್ತ ಅವೆಲ್ಲ ಅತ್ವಲ್ರಿ ಅಕ್ಕೋರೇ?" ಎಂದರು.

"ಅತ್ತವು ಹ್ಯಾಂಗಿದ್ರೂ ಅಳೂವೇ ಇದ್ವು. ಅಳಲಾರದವ್ಕ ನನ್ನ ಏಟು ಏನೂ ಮಾಡ್ಲಿಲ್ಲ. ಅತ್ತವ್ರ ಮನಿಯವ್ರು ಬಂದು ಕೈ ಮುಗೀತಾರ. ಅಳಲಾರದವ್ರ ಮನಿಯವ್ರು ಎಲ್ಲಿ ಬರ್ತಾರ?"

ಊರೆಲ್ಲ ಹೊಗಳುವುದನ್ನು ತಾನೇ ಎದ್ದು ನಿಂತು ಸುಳ್ಳು ಎನ್ನಲು ಎಂಥ ಎದೆ ಬೇಕು! ನನ್ನ ಮುರಿದ ಮೂಗು ಅಲ್ಲಿಗೆ ನೆಟ್ಟಗಾಯಿತು. ಅಂದು ಸಂಜೆಯವರೆಗೆ ಆ ಗೊಂಬೆಯ ಬೆನ್ನು ಉಜ್ಜಿ, ತಲೆ ಸರಿಮಾಡಿ, ಮೂಗು-ಬಾಯಿಗೆ ರಬ್ಬರಿನ ಮುಖವಾಡವಿಟ್ಟು, ಅದಕ್ಕೆ ಜೋಡಿಸಿದ ಗಾಳಿಚೀಲ ಒತ್ತಿ ಒತ್ತಿ ಬೆರಳು ನೋಯಿಸಿಕೊಂಡೆವು. ಗಾಳಿ ಸರಿಯಾಗಿ ಒಳಹೋದರೆ ಗೊಂಬೆಯ ಎದೆ ಏಳುತ್ತಿತ್ತು. ಮುಖವಾಡ ಸಡಿಲಾದರೆ ಏಳುತ್ತಿರಲಿಲ್ಲ. ಆಗ ಅವರು ಕೈ ಹಿಂದೆ ಕಟ್ಟಿ ನಿಂತಲ್ಲಿಂದಲೇ ಒಂದೇ ಮಾತು ಹೇಳುತ್ತಿದ್ದರು: "ಗದ್ದ." ಗದ್ದವನ್ನು ಎತ್ತಿ ಹಿಡಿಯಿರಿ ಎಂದು ಅದರ ಅರ್ಥ. ಬೇರೆಯವರಾಗಿದ್ದರೆ ಗೊಂಬೆಯನ್ನು ಕಿತ್ತುಕೊಂಡು ಮಾಡಿಯೇ ತೋರಿಸುತ್ತಿದ್ದರು.

ಆಮೇಲೆ ನನಗೆ ಭಾಲ್ಕಿ ಕಡೆಯ ಒಂದು ಆಸ್ಪತ್ರೆಗೆ ವರ್ಗವಾಯಿತು. ಅಕ್ಕೋರು ಆಗಾಗ ಬಂದು ನಾವು ಕಲಿತದ್ದು ಕೈಗೆ ಹತ್ತಿದೆಯೋ ಇಲ್ಲವೋ ನೋಡಿ ಹೋಗುತ್ತಿದ್ದರು. ಹಾಗೆ ಬಂದಿದ್ದ ಒಂದು ಮಧ್ಯಾಹ್ನ ಚೊಚ್ಚಲ ಹೆರಿಗೆಯೊಂದು ಬಂತು. ಬಸುರಿಯ ಜೊತೆ ಒಳಗೆ ನಿಂತವಳು ಅವಳ ಅತ್ತೆ. ಅಕ್ಕೋರನ್ನು ಕಂಡದ್ದೇ ಆ ಆಯಿಯ ಮುಖ ಅರಳಿತು. ಆಕೆಯ ಮಗ, ಅಂದರೆ ಈಗ ಹೊರಗೆ ಬಾಗಿಲಲ್ಲಿ ಉಗುರು ಕಚ್ಚುತ್ತ ನಿಂತ ಗಂಡ, ಹುಟ್ಟಿದಾಗ ಅತ್ತಿರಲಿಲ್ಲವಂತೆ. ಅಕ್ಕೋರು ಬಾರಿಸಿದ ಮೇಲೆ ಅತ್ತನಂತೆ. "ಇವ್ರ ಕೈಯಾಗೇ ಆಗ್ಲಿ," ಎಂದು ಆಯಿ ಪಟ್ಟು ಹಿಡಿದಳು.

ಕೂಸು ಹುಟ್ಟಿತು. ಗಂಡು. ಮೈ ನೀಲಿ, ಒದ್ದೆ ಅರಿವೆಯಂತೆ ಜೋತ ಕೈಕಾಲು. ಅಳಲಿಲ್ಲ.

ಒರೆಸಿದೆ, ಬೆನ್ನು ಉಜ್ಜಿದೆ. ಅಳಲಿಲ್ಲ. ಹೊಕ್ಕುಳಬಳ್ಳಿ ಕತ್ತರಿಸಿ ಪಕ್ಕದ ಬೆಚ್ಚನೆಯ ಮೇಜಿಗೆ ಒಯ್ದೆ. ಹಿಂದಿನಿಂದ ಆಯಿ ಚೀರತೊಡಗಿದಳು. "ಬಾಯಿ, ನೀ ಯಾಕ ನಿಂತಿ? ಕಾಲು ಹಿಡದು ತೆಳಗ ಮಾರಿ ಮಾಡು! ನನ ಮಗನ್ನ ಹೊಡದಂಗ ಹೊಡಿ! ನಿನ್ನ ಕಾಲು ಬೀಳ್ತೇನಿ!"

ಖರೆ ಹೇಳುತ್ತೇನೆ, ಅಕ್ಕೋರು ಬಂದು ಕೂಸನ್ನು ತೆಗೆದುಕೊಂಡರೆ ಸಾಕು ಎಂದು ನನಗೂ ಅನ್ನಿಸಿತು. ಕೂಸು ಉಳಿಯದಿದ್ದರೆ ಆ ತಾಯಿಗೆ ಏನೆನ್ನಲಿ? ಅಕ್ಕೋರು ಕೈ ಹಾಕಲಿಲ್ಲ, ಅದಕ್ಕೇ ಹೋಯಿತು ಎಂದು ಭಾಲ್ಕಿಯೆಲ್ಲ ಆಡಿಕೊಳ್ಳುತ್ತದೆ. ಆಮೇಲೆ ಹೊಸ ಪದ್ಧತಿಯನ್ನು ಯಾರು ನಂಬುತ್ತಾರೆ? ಅದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಮೇಜಿನ ಹತ್ತಿರ ಬಂದು, ಕೈ ಹಿಂದೆ ಕಟ್ಟಿಕೊಂಡು ನಿಂತರು. "ನೀ ಮಾಡು. ನಿನಗ ಬರ್ತದ."

ಮುಖವಾಡ ಇಟ್ಟು ಗಾಳಿಚೀಲ ಒತ್ತಿದೆ. ಎದೆ ಏಳಲಿಲ್ಲ. ಇನ್ನೊಮ್ಮೆ ಒತ್ತಿದೆ. ಪಿಸ್ಸೆಂದು ಗಾಳಿ ಹೊರಗೇ ಹೋಯಿತು.

"ಗದ್ದ," ಎಂದರು.

ಎತ್ತಿ ಹಿಡಿದೆ. ಒತ್ತಿದೆ. ಆ ಪುಟ್ಟ ಎದೆ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಒತ್ತುತ್ತಲೇ ಇದ್ದೆ. ತುಟಿಗೆ ಕೆಂಪು ಬಂತು, ಕಾಲು ಮಿಸುಕಿತು. ಆಮೇಲೆ ಆ ಕಳ್ಳ ಮುಖ ಕಿವುಚಿ, ಆಸ್ಪತ್ರೆಯೇ ಹಾರಿಹೋಗುವಂತೆ ಅತ್ತ. ನಾನೂ ಅತ್ತೆ. ಅಕ್ಕೋರು ಹಿಂದಿನ ಕೈಗಳನ್ನು ಬಿಡಿಸಿ ನನ್ನ ತಲೆ ಸವರಿದರು. ಅವರ ಬಲ ಮಣಿಕಟ್ಟಿನಲ್ಲಿ ಅವರದೇ ಉಗುರುಗಳು ನೆಟ್ಟ ಗುರುತು ಕೆಂಪಗೆ ಎದ್ದಿತ್ತು.

ಆಯಿಗೆ ಸಂತೋಷದ ಜೊತೆ ಕೋಪವೂ ಇತ್ತು. "ನಿನಗ ನಾ ಅಷ್ಟು ಬೇಡ್ಕೊಂಡೆ. ಯಾಕ ಕೈ ಹಚ್ಚಲಿಲ್ಲ ನೀ?"

"ನಾ ಇನ್ನೇನು ರಿಟೈರ್ ಆಗ್ತೇನಿ ಆಯಿ. ಇವನ ತಮ್ಮ ಹುಟ್ಟೂವಾಗ ಯಾರ ಕೈ ಬೇಡ್ತಿ? ಈ ಹುಡಿಗಿದು ಇರ್ತದ." ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಮತ್ತ ನಿನ್ನ ಮಗ ನನ್ನ ಏಟಿಗೆ ಅತ್ತಿಲ್ಲ. ಅವನೇ ಗಟ್ಟಿ ಇದ್ದ." ಇಷ್ಟು ವರ್ಷ ಮನೆಯಲ್ಲಿ ಹೇಳಿಕೊಂಡು ಬಂದ ಕಥೆಯನ್ನೇ ಕಿತ್ತುಕೊಂಡರೆಂದು ಆಯಿ ಮುಖ ಊದಿಸಿಕೊಂಡಳು. ಮೊಮ್ಮಗ ಮೊಲೆ ಹಿಡಿದ ಮೇಲೆಯೇ ಅವಳು ನಕ್ಕದ್ದು.

ನಿವೃತ್ತರಾದ ಮೇಲೂ ಅಕ್ಕೋರು ಸುಮ್ಮನೆ ಕೂರಲಿಲ್ಲ. ಫೋನು ಮಾಡಿ, "ಹೊಸಾದು ಏನ್ ಬಂದದ, ನನಗೂ ಹೇಳ್ರಿ," ಎಂದು ನಮ್ಮನ್ನೇ ಪಾಠ ಕೇಳುತ್ತಿದ್ದರು. ಕೊನೆಗೆ ಹೃದಯದ ಕಾಯಿಲೆ ಅವರನ್ನು ಒಯ್ದಿತು. ಮೈಲೂರಿನ ಮನೆಯಂಗಳದಲ್ಲಿ, ಅವರ ಮನೆತನದ ಬೌದ್ಧ ಪದ್ಧತಿಯಂತೆ, ಬಿಳಿ ಸೀರೆಯ ಹೆಂಗಸರು ಬುದ್ಧವಂದನೆ ಹೇಳುತ್ತಿದ್ದರು. ನಾವು ನರ್ಸುಗಳು ಡ್ಯೂಟಿಯ ಉಡುಪಿನಲ್ಲೇ ಬಂದು ಸಾಲಾಗಿ ನಿಂತಿದ್ದೆವು. ಅವರ ಶಿಷ್ಯರೆಂದು ಎಲ್ಲರಿಗೂ ಗೊತ್ತಾಗಲಿ ಎಂಬ ಹೆಮ್ಮೆ ಅಂಥ ದುಃಖದಲ್ಲೂ ನನಗಿತ್ತು.

ಭಾಲ್ಕಿಯಿಂದ ಆ ಆಯಿಯೂ ಬಂದಿದ್ದಳು, ಶಾಲೆಗೆ ಹೋಗುವಷ್ಟಾದ ಮೊಮ್ಮಗನ ಕೈ ಹಿಡಿದುಕೊಂಡು. ಅಕ್ಕೋರ ಬಲಗೈಯನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. ಆಮೇಲೆ ನೆರೆದವರತ್ತ ತಿರುಗಿ, ಮೊಮ್ಮಗನನ್ನು ಮುಂದೆ ತಂದು, "ಇವನ ಅಪ್ಪನ್ನ ಈ ಬಾಯಿ ಹೊಡದು ಉಳಸಿದ್ಳು ಅಂತಿದ್ದೆ. ಅದು ಸುಳ್ಳಂತ ಆಕೀನೇ ಹೇಳಿದ್ಳು. ಇವನ್ನ ಮಾತ್ರ ಆಕೀನೇ ಉಳಸಿದ್ಳು, ಕೈ ಹಚ್ಚದೆ," ಎಂದಳು.

ಈಗ ನಾನು ಔರಾದಿನ ಕಡೆ ನರ್ಸುಗಳಿಗೆ ಕಲಿಸುತ್ತೇನೆ. ರಬ್ಬರಿನ ಕೂಸು ನನ್ನ ತೋಳಿಗೆ ಬಂದಿದೆ, ಟೋಪಿ ಅವರು ಹೊಲಿದದ್ದೇ. ಮೊನ್ನೆ ಒಂದು ಹೆರಿಗೆಯಲ್ಲಿ ಕೂಸು ಅಳಲಿಲ್ಲ. ಹೊಸ ಹುಡುಗಿ ಗಾಳಿಚೀಲ ಒತ್ತುತ್ತಿದ್ದಳು, ಎದೆ ಏಳುತ್ತಿರಲಿಲ್ಲ, ಅವಳು ಬೆದರಿ ನನ್ನ ಮುಖ ನೋಡಿದಳು. ನನ್ನ ಬಲಗೈ ತಾನಾಗಿಯೇ ಮುಂದೆ ಹೋಯಿತು. ಎಡಗೈಯಿಂದ ಅದನ್ನು ಹಿಡಿದು ಬೆನ್ನ ಹಿಂದಕ್ಕೆ ಎಳೆದುಕೊಂಡೆ.

"ಗದ್ದ," ಎಂದೆ.

ಹುಡುಗಿ ಗದ್ದ ಎತ್ತಿ ಹಿಡಿದಳು. ಕೂಸಿನ ಎದೆ ಎದ್ದಿತು.