ಸವೆದ ಹಲ್ಲಿನ ಸಾಮಾನು ಮಾರಿದವರು

ಓದುವ ಎಲ್ಲರಿಗೂ ನಮಸ್ಕಾರ. ನಾನು ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ. ಒಂದೇ ಬೆರಳಿನಿಂದ ಟೈಪ್ ಮಾಡುತ್ತಿದ್ದೇನೆ, ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಹೇಳಹೊರಟ ಅಂಗಡಿಯವರ ಬಲಗೈ ಹೆಬ್ಬೆರಳಿನ ಉಗುರು ಆಮೆಯ ಚಿಪ್ಪಿನ ಹಾಗೆ ದಪ್ಪಗೆ, ಕಪ್ಪಗೆ ಇತ್ತು. ಯಾವ ಹಳೆಯ ಹತ್ಯಾರ, ಅಂದರೆ ಕೆಲಸದ ಸಲಕರಣೆ, ಕೈಗೆ ಬಂದರೂ ಆ ಉಗುರನ್ನು ಅದರ ಮೇಲೆ ಒಮ್ಮೆ ಎಳೆಯುತ್ತಿದ್ದರು. ಅಷ್ಟರಲ್ಲೇ ಅದರ ಹಣೆಬರಹ ಅವರಿಗೆ ತಿಳಿಯುತ್ತಿತ್ತು. ಸವದತ್ತಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದು ಹಳೇ ಸಾಮಾನಿನ ಅಂಗಡಿ. ಬಂದವರಿಗೆ ಕುಂದರ್ರಿ ಅಂದವರಲ್ಲ. "ಕೈ ಹಚ್ಚಬ್ಯಾಡ, ಮೊದ್ಲ ಬಾಯಿಲೆ ಹೇಳು" ಎನ್ನುವುದೇ ಅವರ ಸ್ವಾಗತ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಬೈಲಹೊಂಗಲದಲ್ಲಿ ಉಸ್ತಾದರೊಬ್ಬರ ಕೈಕೆಳಗೆ, ಹೊಲಕ್ಕೆ ನೀರೆತ್ತುವ ಡೀಸೆಲ್ ಎಂಜಿನ್ ರಿಪೇರಿ ಮಾಡುತ್ತಿದ್ದೆ. ಎಂಜಿನ್ ನಡುಗಿ ನಡುಗಿ ಡೀಸೆಲ್ ಬರುವ ತಾಮ್ರದ ಪೈಪು ತುದಿಯಲ್ಲಿ ಬಿರುಕು ಬಿಡುತ್ತಿತ್ತು. ಆ ತುದಿ ಕತ್ತರಿಸಿ, ಹೊಸ ಬಾಯಿ ಅರಳಿಸಿ, ನಟ್ ಬಿಗಿಯಬೇಕು. ಅದಕ್ಕೆ ಫ್ಲೇರಿಂಗ್ ಟೂಲ್ ಬೇಕು. ಎರಡು ಕಬ್ಬಿಣದ ಪಟ್ಟಿಗಳ ನಡುವಿನ ಹಲ್ಲಿರುವ ತೂತಿನಲ್ಲಿ ಪೈಪನ್ನು ಜಾರದಂತೆ ಹಿಡಿದು, ಮೇಲಿಂದ ಮೊನೆ ತಿರುಗಿಸಿ ಒತ್ತುವ ಸಾಮಾನು ಅದು. ಅದೊಂದು ನನ್ನದಾದರೆ ಉಸ್ತಾದರನ್ನು ಬಿಟ್ಟು ಸ್ವಂತ ನಿಲ್ಲಬಹುದಿತ್ತು. ಹೊಸದು ನನ್ನ ಕೈಗೆ ಎಟುಕುವಂತಿರಲಿಲ್ಲ.

ಸವದತ್ತಿಯ ಆ ಅಂಗಡಿಯಲ್ಲಿ ಹಲಗೆಯ ಮೇಲೆ ಪೈಪಿನ ತುಂಡು, ನಟ್ ಇಟ್ಟಿರುತ್ತಿದ್ದರು. ಕೊಳ್ಳುವವನು ಅಲ್ಲೇ ಕೂತು ಬಾಯಿ ಅರಳಿಸಿ ನೋಡಬೇಕು. ಅಂಗಡಿಯ ಕಟ್ಟೆ ಇಳಿದ ಮೇಲೆ ವಾಪಸಿನ ಮಾತಿಲ್ಲ. ಸ್ವಂತ ಮಿಸ್ತ್ರಿ ಆಗಹೊರಟವನು ನಾನು, ನಾಲ್ಕು ಜನರ ಮುಂದೆ ಪರೀಕ್ಷೆಗೆ ಕೂರುವುದೇ? ಫಳಫಳ ಹೊಳೆಯುತ್ತಿದ್ದ ಒಂದನ್ನು ತೋರಿಸಿದೆ.

"ನೋಡೂದೇನೈತ್ರಿ ಇದರಾಗ? ದಿನಾ ಮಾಡೂ ಕೆಲಸ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಯ್ಯಿ ಹಂಗಾರ" ಎಂದರು.

ಉಸ್ತಾದರನ್ನು ಬಿಟ್ಟ ಮೇಲೆ ಮೊದಲ ಸ್ವಂತ ಕೆಲಸ ಸಿಕ್ಕಿದ್ದು ಕಟಕೋಳದ ರೈತರೊಬ್ಬರ ಹೊಲದಲ್ಲಿ. ಪೈಪು ಪಟ್ಟಿಯಲ್ಲಿ ನಿಲ್ಲದೆ ಜಾರಿತು, ಬಾಯಿ ಸೊಟ್ಟಗೆ ಅರಳಿತು, ಡೀಸೆಲ್ ತೊಟ್ಟಿಕ್ಕಿತು. ಕತ್ತರಿಸಿ ಮತ್ತೆ ಒತ್ತಿದೆ. ಮತ್ತೆ ಜಾರಿತು. ಕತ್ತರಿಸಿ ಕತ್ತರಿಸಿ ಕೊನೆಗೆ ಪೈಪು ಎಂಜಿನ್‌ಗೆ ಮುಟ್ಟದಷ್ಟು ಗಿಡ್ಡವಾಯಿತು.

"ಯಪ್ಪಾ ಮಿಸ್ತ್ರಿ, ಪೈಪ್ ರಿಪೇರಿ ಮಾಡಾಕ ಬಂದಿಯೋ, ನುಂಗಾಕ ಬಂದಿಯೋ?" ಎಂದ ರೈತರು ಸೀದಾ ನನ್ನ ಉಸ್ತಾದರನ್ನೇ ಕರೆತಂದರು. ಉಸ್ತಾದರು ಹೊಸ ಪೈಪು ಕೂಡಿಸಿ, ಕೈ ಒರೆಸಿಕೊಳ್ಳುತ್ತ ನನಗೆ ಹೇಳಿದರು: "ನಾಳಿಂದ ಬಾ. ನಿನ್ನ ಜಾಗಾ ಖಾಲಿನ ಐತಿ."

ಮರುದಿನ ಬೆಳಿಗ್ಗೆ ಸವದತ್ತಿಗೆ ಹೋಗಿ ಆ ಸಾಮಾನನ್ನು ಅಂಗಡಿಯವರ ಹಲಗೆಯ ಮೇಲೆ ಕುಕ್ಕಿದೆ.

"ಇದರ ಹಲ್ಲ ಸವದಾವಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ಹೇಳಾಕ ಏನಾಗಿತ್ತ್ರಿ?"

"ನೀ ಉಸ್ತಾದನಂಗ ಮಾತಾಡಿದಿ. ಉಸ್ತಾದಗ ನಾ ಏನ ಹೇಳ್ಲಿ?"

ಕಟ್ಟೆಯ ಮೇಲಿದ್ದವರು ನಕ್ಕರು. ಅಂಗಡಿಯವರು ನಗಲಿಲ್ಲ. ಒಳಗಿನಿಂದ ನಾಲ್ಕು ಸಾಮಾನು ತಂದು ನನ್ನ ಮುಂದೆ ಸುರಿದರು. "ಇದರಾಗ ಒಂದ ಚಲೋದೈತಿ. ಆರಿಸಿದ್ರ ಬದ್ಲಿ ಒಯ್ಯಿ. ತಪ್ಪಿದ್ರ ಹೋಗಿ ಉಸ್ತಾದನ ಕಾಲ ಹಿಡಿ."

ಮಧ್ಯಾಹ್ನದವರೆಗೆ ಕೂತೆ. ಮೊದಲನೆಯದರಲ್ಲಿ ಪೈಪಿನ ಬಾಯಿ ಅರಳಿಸಿದ ಮೇಲೆ ನೋಡುತ್ತೇನೆ, ನಟ್ ಹಲಗೆಯ ಮೇಲೆಯೇ ಇದೆ! ಮೊದಲು ನಟ್ ಪೋಣಿಸಿ ಆಮೇಲೆ ಬಾಯಿ ಅರಳಿಸಬೇಕು, ಅಗಲವಾದ ಬಾಯಿಯ ಮೇಲೆ ನಟ್ ಹೋಗುವುದಿಲ್ಲ.

"ಕೈ ಬಾತಮ್ಯಾಲ ಬಳಿ ಇಡಾಕ ಹೊಂಟಾನ ನೋಡ್ರಿ ಉಸ್ತಾದ" ಎಂದು ಅವರು ಓಣಿಗೆಲ್ಲ ಕೇಳುವಂತೆ ಹೇಳಿದರು.

ಆಮೇಲೆ ನಾನು ಪೈಪನ್ನು ಬದಿಗಿಟ್ಟು, ಅವರು ಮಾಡುವಂತೆ, ಪಟ್ಟಿಗಳ ತೂತಿನೊಳಗೆ ಉಗುರು ಎಳೆದೆ. ಹೊಳೆಯುವ ಮೂರರಲ್ಲಿಯೂ ಉಗುರು ನುಣ್ಣಗೆ ಜಾರಿತು. ತುಕ್ಕು ಹಿಡಿದಿದ್ದ ನಾಲ್ಕನೆಯದರಲ್ಲಿ ಹಲ್ಲಿಗೆ ಸಿಕ್ಕು ತಡೆಯಿತು. ಅದನ್ನು ಎತ್ತಿ ಹಿಡಿದೆ.

"ನಡಿ, ಬಾಗಲದಾಗ ಗಾಳಿ ಬಿಡು" ಎಂದರು. ಅಷ್ಟೇ. ಸವೆದದ್ದನ್ನು ಅಲ್ಲೇ ಬಿಟ್ಟು, ತುಕ್ಕಿನದನ್ನು ಬೈಲಹೊಂಗಲಕ್ಕೆ ತಂದು ಎಂಜಿನ್ ಒಂದಕ್ಕೆ ಅದರಿಂದ ಪೈಪು ಕೂಡಿಸಿದೆ. ಒಂದು ಹನಿ ಸೋರಲಿಲ್ಲ. ಉಸ್ತಾದರ ಖಾಲಿ ಜಾಗ ಖಾಲಿಯೇ ಉಳಿಯಿತು.

ಕಥೆ ಇಲ್ಲಿಗೆ ನಿಂತಿದ್ದರೆ ಅವರನ್ನು ಗುರುಗಳೆಂದು ಕರೆಯುತ್ತಿದ್ದೆ. ಕೆಲವು ವಾರದ ಮೇಲೆ ಪೈಪು ಕತ್ತರಿಸುವ ಕಟರ್ ಕೊಳ್ಳಲು ಹೋದಾಗ, ನಾನು ವಾಪಸ್ ಕೊಟ್ಟ ಆ ಸವೆದ ಸಾಮಾನು ಎಣ್ಣೆ ಹಚ್ಚಿಸಿಕೊಂಡು ಮತ್ತೆ ಗೂಟಕ್ಕೆ ತೂಗುತ್ತಿತ್ತು. ರಾಮದುರ್ಗದ ಕಡೆಯ ಮಿಸ್ತ್ರಿಯೊಬ್ಬರು ಅದನ್ನು ಕೈಗೆತ್ತಿಕೊಂಡು, ಪರೀಕ್ಷೆ ಮಾಡದೆ ಚೀಲಕ್ಕೆ ಹಾಕುತ್ತಿದ್ದರು. ಅಂಗಡಿಯವರು ಸುಮ್ಮನೆ ಕೂತಿದ್ದರು, ಅವತ್ತು ನನ್ನ ಮುಂದೆ ಕೂತ ಹಾಗೆಯೇ.

"ಅದರ ಹಲ್ಲ ಹೋಗ್ಯಾವ್ರಿ, ಒಯ್ಯಬ್ಯಾಡ್ರಿ" ಎಂದುಬಿಟ್ಟೆ.

ಅಂಗಡಿಯವರು ಎದ್ದು ನಿಂತರು. ನನ್ನ ಕೈಯಲ್ಲಿದ್ದ ಕಟರ್ ಕಸಿದುಕೊಂಡರು. "ನನ್ನ ಅಂಗಡ್ಯಾಗ ಕಣ್ಣ ತಗಸ್ಕೊಂಡು ನನಗ ಕಣ್ಣ ಬಿಡ್ತೀಯೇನಲೇ? ಇಳಿ ಕೆಳಗ. ಇನ್ನ ಈ ಕಟ್ಟಿ ಹತ್ತಿದ್ರ ಕಾಲ ಮುರದೇನು."

ಮತ್ತೆ ಹತ್ತಲಿಲ್ಲ. ಮುಂದೆ ಅವರು ತೀರಿಕೊಂಡ ಸುದ್ದಿ ಬಂದಾಗ ಕೆಲಸ ನಿಲ್ಲಿಸಲಿಲ್ಲ, ಮಣ್ಣಿಗೂ ಹೋಗಲಿಲ್ಲ. ಅವರು ಗೊತ್ತಿದ್ದೂ ನನಗೆ ಮೋಸ ಮಾಡಿದರು. ನಾನು ಮತ್ತೆ ಯಾರ ಕೈಕೆಳಗೂ ಕೂರದಂತಾದದ್ದೂ ಅವರಿಂದಲೇ. ಎರಡೂ ಖರೆ. ಒಂದರಲ್ಲಿ ಇನ್ನೊಂದನ್ನು ವಜಾ ಮಾಡಲು ನನಗೆ ಇಂದಿಗೂ ಮನಸ್ಸಾಗಿಲ್ಲ.

ನಿಮಗೂ ಇಂಥವರೊಬ್ಬರು ಗಂಟುಬಿದ್ದಿದ್ದರೆ ದಯವಿಟ್ಟು ಬರೆಯಿರಿ. ಕ್ಷಮಿಸಿದಿರೋ ಇಲ್ಲವೋ, ಅದನ್ನೂ ಮುಚ್ಚದೆ ಬರೆಯಿರಿ.