ಗ್ಲ್ಯಾಡಿಸ್ ಬಾಯಿ ಇಲ್ಲ ಎಂದದ್ದು

ಶಂಕರಪುರದ ಪೇಟೆ ದಾಟಿ ಶಿರ್ವದ ಕಡೆಗೆ ಸ್ವಲ್ಪ ದೂರ ಹೋದರೆ ಎಡಕ್ಕೊಂದು ಮಣ್ಣಿನ ದಾರಿ ಇಳಿಯುತ್ತದೆ. ಆ ದಾರಿಯ ಮೂರನೆಯ ಮನೆ ಗ್ಲ್ಯಾಡಿಸ್ ಬಾಯಿಯದು. ಅಂಗಳದಾಚೆ ನೂರಿಪ್ಪತ್ತು ಮಲ್ಲಿಗೆ ಗಿಡ, ಬಾವಿಯ ಪಕ್ಕದಲ್ಲಿ ಒಂದು ಮುಂಡಪ್ಪ ಮಾವಿನ ಮರ. ಬೆಳಕು ಹರಿಯುವ ಮೊದಲೇ ಆಕೆ ಬುಟ್ಟಿ ಹಿಡಿದು ಗಿಡಗಳ ನಡುವೆ ಇರುತ್ತಿದ್ದಳು. ಹತ್ತು ಗಂಟೆಗೆ ಹೂವಿನವನು ಬೈಕಿನಲ್ಲಿ ಬರುವಷ್ಟರಲ್ಲಿ ಮೊಗ್ಗುಗಳೆಲ್ಲ ಬಾಳೆನಾರಿನಲ್ಲಿ ಚೆಂಡುಗಳಾಗಿ ಎಲೆಯೊಳಗೆ ಸೇರಿರಬೇಕು. ಕೈ ಅಷ್ಟು ಚುರುಕಿನ ಹೆಂಗಸಿಗೆ ಐವತ್ತಾರು ವರ್ಷವಾದರೂ ಬಾರದ ಕೆಲಸ ಒಂದೇ ಒಂದು. ಯಾರಾದರೂ ಬಂದು ಏನನ್ನಾದರೂ ಕೇಳಿದರೆ ಇಲ್ಲ ಎನ್ನಲು ಆಕೆಯಿಂದ ಆಗುತ್ತಿರಲಿಲ್ಲ.

ಕೇಳುವವರೂ ಕಡಿಮೆ ಇರಲಿಲ್ಲ. ಎದುರು ಮನೆಯ ವಾರಿಜಕ್ಕ ಗ್ರೈಂಡರ್ ಒಯ್ಯುತ್ತಿದ್ದಳು. ಅವಳ ಗಂಡ, ಎಲೆಕ್ಟ್ರಿಕ್ ಕೆಲಸದ ಅಣ್ಣು, ಕೊಡಲಿ ಒಯ್ಯುತ್ತಿದ್ದ. ಇಗರ್ಜಿಯ ಗಾಯನ ಮಂಡಳಿಯ ಆನ್ಸಿಲ್ಲಾ ಕುಕ್ಕರ್ ಒಯ್ಯುತ್ತಿದ್ದಳು. ಹಿಂದಿನ ತೋಟದ ಕ್ಲಾರೆನ್ಸ್ ಎರಡು ಕಾರು ಇಟ್ಟುಕೊಂಡವನು, ಅವನೂ ಏಣಿಗೆ ಇಲ್ಲಿಗೇ ಬರುತ್ತಿದ್ದ. ಗಂಡ ಸ್ಟ್ಯಾನಿಸ್ಲಾಸ್ ಬಹ್ರೇನಿನ ಹೋಟೆಲೊಂದರ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಕಂಡವರ ಅಂಗಿಗೆಲ್ಲ ಇಸ್ತ್ರಿ ಹಾಕಿ ಬಂದವರು. ಈಗ ಭಾನುವಾರದ ಪೂಜೆಗೆ ಸುಕ್ಕು ಅಂಗಿಯಲ್ಲಿ ಹೋಗುತ್ತಿದ್ದರು, ಏಕೆಂದರೆ ಇಸ್ತ್ರಿ ಪೆಟ್ಟಿಗೆ ಯಾರ ಮನೆಯಲ್ಲಿದೆ ಎಂದು ಇಬ್ಬರಿಗೂ ನೆನಪಿರಲಿಲ್ಲ. ಅವರಿಗೆ ಇದರಿಂದ ಸಿಟ್ಟು ಬರುತ್ತಿರಲಿಲ್ಲ, ನಗು ಬರುತ್ತಿತ್ತು. ಅದರಿಂದ ಗ್ಲ್ಯಾಡಿಸಳಿಗೆ ಇನ್ನಷ್ಟು ಸಂಕಟ.

ಒಂದೆರಡು ಸಲ ಆಕೆ ಉಪಾಯ ಮಾಡಿ ನೋಡಿದ್ದಳು. ಗ್ರೈಂಡರ್ ತಿರುಗುತ್ತಿಲ್ಲ ಎಂದು ವಾರಿಜಕ್ಕನಿಗೆ ಸುಳ್ಳು ಹೇಳಿದಳು. ಅರ್ಧ ಗಂಟೆಯಲ್ಲಿ ಅಣ್ಣು ಸ್ಕ್ರೂ ಡ್ರೈವರ್ ಹಿಡಿದು ಬಂದ, ಗ್ರೈಂಡರನ್ನು ಜಗಲಿಯ ಮೇಲೆ ಪೂರ್ತಿ ಬಿಚ್ಚಿದ, ಏನೂ ಸಿಗದೆ ಎಣ್ಣೆ ಹಾಕಿ ಜೋಡಿಸಿ, ಈಗ ಸರಿಯಾಯಿತು ಎಂದು ಹೇಳಿ ಅದನ್ನೇ ಹೊತ್ತುಕೊಂಡು ಹೋದ. ಕುಕ್ಕರಿನ ರಬ್ಬರ್ ಹೋಗಿದೆ ಎಂದಾಗ ಆನ್ಸಿಲ್ಲಾ ಕಟಪಾಡಿಯಿಂದ ಹೊಸ ರಬ್ಬರ್ ತಂದು ಹಾಕಿ ಕುಕ್ಕರ್ ಒಯ್ದಳು. ಆಕೆಯ ಸುಳ್ಳುಗಳಿಂದ ಮನೆಯ ಸಾಮಾನು ಒಳ್ಳೆಯ ಸ್ಥಿತಿಗೆ ಬಂತೇ ಹೊರತು ಮನೆಯಲ್ಲಿ ಉಳಿಯಲಿಲ್ಲ.

ಇಲ್ಲ ಎನ್ನಲಾಗದ್ದಕ್ಕೆ ಕಾರಣವೊಂದಿತ್ತು. ಅದನ್ನು ಆಕೆ ಗಂಡನಿಗೆ ಕೂಡ ಹೇಳಿರಲಿಲ್ಲ. ತವರು ಬೆಳ್ಮಣ್. ಅಲ್ಲಿ ಇಗರ್ಜಿಯಲ್ಲಿ ಮಕ್ಕಳಿಗೆ ಮೊದಲ ಪರಮಪ್ರಸಾದ ಕೊಡುವ ಹಬ್ಬದ ಹಿಂದಿನ ದಿನ ಅಮ್ಮ ಅವಳನ್ನು ಪಕ್ಕದ ಮನೆಗೆ ಕಳಿಸಿದ್ದಳು, ಅವರ ಮಗಳ ಬಿಳಿ ಶೂ ಒಂದು ದಿನದ ಮಟ್ಟಿಗೆ ಕೇಳಿ ತರಲು. ಒಂಬತ್ತು ವರ್ಷದ ಹುಡುಗಿ ಮೆಟ್ಟಿಲ ಕೆಳಗೆ ನಿಂತು ಕೇಳಿದಳು. ಆ ಮನೆಯ ಹೆಂಗಸು ಒಂದು ಮಾತೂ ಆಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಶೂ ತರಲು ಹೋಗಿದ್ದಾಳೆಂದು ಹುಡುಗಿ ಎಷ್ಟೋ ಹೊತ್ತು ಅಲ್ಲೇ ನಿಂತಿದ್ದಳು. ಬರಿಗೈಯಲ್ಲಿ ಗದ್ದೆಯ ಬದುವಿನ ಮೇಲೆ ನಡೆದು ಬಂದದ್ದು ಇಂದಿಗೂ ಕಾಲಿಗೆ ನೆನಪಿತ್ತು. ತನ್ನ ಬಾಗಿಲಿಂದ ಯಾರೂ ಹಾಗೆ ಹೋಗಬಾರದು ಎಂದು ಆಗಲೇ ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು.

ಈ ವರ್ಷ ಮೇ ತಿಂಗಳಲ್ಲಿ ಮುಂಡಪ್ಪ ಮರ ಕಂಡಾಪಟ್ಟೆ ಕಾಯಿ ಬಿಟ್ಟಿತು. ಮೇಲಿನ ಕೊಂಬೆಯ ಹಣ್ಣೆಲ್ಲ ಬಾವಲಿಗಳ ಪಾಲಾಗುತ್ತಿತ್ತು. ಒಂದು ಬೆಳಿಗ್ಗೆ ಹೂ ಕಟ್ಟಿ ಮುಗಿಸಿದ ಮೇಲೆ ಗ್ಲ್ಯಾಡಿಸ್ ಅಲ್ಯೂಮಿನಿಯಂ ಏಣಿ ಹುಡುಕಿದಳು. ಅದು ಕೊಟ್ಟಿಗೆಯ ಗೋಡೆಯಲ್ಲಿರಲಿಲ್ಲ. ವಾರಿಜಕ್ಕನನ್ನು ವಿಚಾರಿಸಿದರೆ ಅಣ್ಣು ಅದನ್ನು ಕ್ಲಾರೆನ್ಸನಿಗೆ ಕೊಟ್ಟ ಎಂಬ ಸುದ್ದಿ ಸಿಕ್ಕಿತು. ಕ್ಲಾರೆನ್ಸನ ಮನೆಯಲ್ಲಿ ಯಾರೂ ಇರಲಿಲ್ಲ. ಆದರೆ ಅವನ ತೋಟದ ಕೊನೆಯಲ್ಲಿ ಎರಡು ಬಾಡಿಗೆ ಕೋಣೆಗಳಿದ್ದವು, ಅವುಗಳ ಗೋಡೆಗೆ ತನ್ನ ಏಣಿ ಒರಗಿರುವುದು ದೂರದಿಂದಲೇ ಕಂಡಿತು. ಕೆಳಗಿನ ಮೆಟ್ಟಿಲಿಗೆ ಸ್ಟ್ಯಾನಿಸ್ಲಾಸ್ ಸುತ್ತಿದ್ದ ನೀಲಿ ಟೇಪೂ ಕಂಡಿತು.

ಅವುಗಳಲ್ಲಿ ಒಂದು ಕೋಣೆಗೆ ಬಾದಾಮಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಬೀರಪ್ಪ, ಅವನ ಹೆಂಡತಿ ಸೋಮವ್ವ ಬಂದು ಮೂರು ತಿಂಗಳಾಗಿತ್ತು. ಬೀರಪ್ಪ ಏಣಿಯ ಮೇಲೆ ನಿಂತು ಗೋಡೆಗೆ ಗಾರೆ ಮೆತ್ತುತ್ತಿದ್ದ. ಸೋಮವ್ವ ಕೆಳಗಿನಿಂದ ಬಾಂಡಲಿ ಎತ್ತಿ ಕೊಡುತ್ತಿದ್ದಳು. ಗ್ಲ್ಯಾಡಿಸ್ ದಾರಿಯಲ್ಲಿ ಆಕೆಯನ್ನು ನೋಡಿ ನಕ್ಕದ್ದುಂಟು, ಮಾತಾಡಿರಲಿಲ್ಲ. ಈಗ ಏಣಿ ನನ್ನದು ಎಂದು ಹೇಳಬೇಕೆಂದುಕೊಂಡಳು. ಕೆಲಸ ಮಾಡುತ್ತಿರುವವನನ್ನು ಇಳಿಸಿ ಏಣಿ ಕಿತ್ತುಕೊಳ್ಳುವುದು ಹೇಗೆ? ಬಾಯಿಂದ ಬಂದದ್ದು ಬೇರೆಯೇ.

"ಸ್ವಲ್ಪ ಏಣಿ ಬೇಕಿತ್ತು. ಮಾವಿನಹಣ್ಣು ಕೊಯ್ಯಲಿಕ್ಕೆ ಉಂಟು."

ಸೋಮವ್ವ ಕೈ ಒರೆಸಿಕೊಂಡು ಮುಂದೆ ಬಂದಳು. "ಇಲ್ರಿ ಅಕ್ಕಾರ, ಇವತ್ತ ಕೊಡಾಕ ಬರಂಗಿಲ್ಲ," ಎಂದಳು. "ನಾಳಿ ಸಂಜೀಕ ನಮ್ಮ ಮನಿಯವ್ರ ಹೊತ್ಕೊಂಡು ಬಂದು ಕೊಡ್ತಾರ. ಬರ್ರಿ, ಕುಂದರ್ರಿ, ಛಾ ಮಾಡೀನಿ."

ಗ್ಲ್ಯಾಡಿಸ್ ಕುಳಿತಳು. ಸಿಮೆಂಟ್ ಚೀಲದ ಮೇಲೆ ಮಡಚಿ ಹಾಸಿದ ಕೌದಿ, ಸ್ಟೀಲ್ ಲೋಟದಲ್ಲಿ ಸಿಹಿ ಹೆಚ್ಚಾದ ಚಹಾ. ಜೊತೆಗೆ ಊರಿನಿಂದ ತಂದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಸೋಮವ್ವ ಬಾದಾಮಿಯ ಕೆಂಪು ಬಂಡೆಗಳ ಬಗ್ಗೆ, ಇಲ್ಲಿಯ ಬೆವರಿನ ಬಗ್ಗೆ, ಯಾರು ಮಾತಾಡಿದರೂ ತನಗೆ ಅರ್ಥವಾಗದ ತುಳುವಿನ ಬಗ್ಗೆ ಹೇಳಿದಳು. ಗ್ಲ್ಯಾಡಿಸ್ ಹೊರಡುವಾಗ ಗಂಟೆ ಹನ್ನೆರಡು.

ಮನೆಗೆ ಬರುವ ದಾರಿಯಲ್ಲಿ ಅರ್ಧಕ್ಕೆ ಬಂದಾಗ ಆಕೆಗೆ ಹೊಳೆಯಿತು. ತಾನು ಕೇಳಿದ್ದು ಸಿಗಲಿಲ್ಲ. ಅದೂ ತನ್ನದೇ ವಸ್ತು. ಆದರೂ ಮನಸ್ಸಿಗೆ ನೋವಾಗಿರಲಿಲ್ಲ. ಬದಲಿಗೆ ಹೊಸಬರೊಬ್ಬರ ಮನೆಯಲ್ಲಿ ಉಪಚಾರ ಮಾಡಿಸಿಕೊಂಡು ಬಂದ ಸುಖ. ಆಕೆ ನಿಂತು ಆ ಸುಖವನ್ನು ಒಮ್ಮೆ ತಡವಿ ನೋಡಿದಳು. ಇಲ್ಲ ಎಂದ ಮೇಲೆ ಬಾಗಿಲು ಹಾಕಿಕೊಳ್ಳಲೇಬೇಕೆಂದೇನೂ ಇಲ್ಲ ಎಂಬುದು ಇಷ್ಟು ವರ್ಷ ತನಗೇಕೆ ತಿಳಿಯಲಿಲ್ಲ ಎಂದು ಆಶ್ಚರ್ಯವಾಯಿತು.

ನಡೆದದ್ದು ಕೇಳಿ ಸ್ಟ್ಯಾನಿಸ್ಲಾಸ್ ಕುರ್ಚಿಯಲ್ಲಿ ಹಿಂದಕ್ಕೆ ಬಾಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಿನ್ನ ಏಣಿಯನ್ನು ನಿನಗೇ ಕೊಡಲಿಲ್ಲವಾ ಮಾರಾಯ್ತಿ?" ಎಂದು ಮತ್ತೆ ಮತ್ತೆ ಕೇಳಿದರು. ಈ ಸಲ ಗ್ಲ್ಯಾಡಿಸಳಿಗೂ ನಗು ಬಂತು.

ಮರುದಿನ ಸಂಜೆ ಬೀರಪ್ಪ ಮಾತಿನಂತೆ ಏಣಿ ಹೊತ್ತು ತಂದ. ಹಿಂದೆಯೇ ಸೋಮವ್ವ. ಅಷ್ಟರಲ್ಲಿ ಕ್ಲಾರೆನ್ಸನಿಂದ ಅವಳಿಗೆ ವಿಷಯ ಗೊತ್ತಾಗಿತ್ತು, ಮುಖ ಸಣ್ಣದಾಗಿತ್ತು. ಏಣಿ ನಿಮ್ಮದೇ ಎಂದು ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದಳು. ಗ್ಲ್ಯಾಡಿಸ್ ಅವಳ ಕೈಗೆ ಬುಟ್ಟಿ ಕೊಟ್ಟು ಬೀರಪ್ಪನನ್ನೇ ಮರ ಹತ್ತಿಸಿದಳು. ಬುಟ್ಟಿ ತುಂಬಿತು. ಮೂವರೂ ಸ್ಟ್ಯಾನಿಸ್ಲಾಸರೊಂದಿಗೆ ಅಂಗಳದಲ್ಲಿ ಕುಳಿತು ಮೊಣಕೈವರೆಗೆ ರಸ ಸುರಿಸಿಕೊಂಡು ಹಣ್ಣು ತಿಂದರು.

ಅಂದಿನಿಂದ ಸೋಮವ್ವ ಕೆಲಸವಿಲ್ಲದ ಬೆಳಿಗ್ಗೆಗಳಲ್ಲಿ ಹೂ ಕಟ್ಟುವುದನ್ನು ಕಲಿಯಲು ಬರತೊಡಗಿದಳು. ಬೇಗ ಕಲಿತಳು. ಗ್ಲ್ಯಾಡಿಸಳಿಗೂ ಅವಳಿಂದ ಕಲಿಯಬೇಕಾದ್ದೊಂದಿತ್ತು. ಒಂದು ದಿನ ನಾರು ನೆನೆಸುತ್ತಾ, ನೀನು ಅಷ್ಟು ಸಲೀಸಾಗಿ ಇಲ್ಲ ಎಂದದ್ದು ಹೇಗೆ ಎಂದು ಕೇಳಿಯೇಬಿಟ್ಟಳು. ಗ್ರೈಂಡರಿನ ಕಥೆ, ಕುಕ್ಕರಿನ ಕಥೆ ಎಲ್ಲ ಹೇಳಿದಳು.

ಸೋಮವ್ವ ನಗು ತಡೆದುಕೊಂಡಳು. "ಕಾರಣ ಹೇಳಬ್ಯಾಡ್ರಿ ಅಕ್ಕಾರ. ಕಾರಣ ಹೇಳಿದ್ರ ಅದನ್ನ ರಿಪೇರಿ ಮಾಡಾಕ ಬರ್ತಾರ. ಇವತ್ತ ಕೊಡಂಗಿಲ್ಲ ಅಂದ್ರ ಸಾಕು. ಆಮ್ಯಾಗ ಕುಂದರ್ರಿ ಅನ್ರಿ."

ಅವಕಾಶ ಬರಲು ತಡವಾಗಲಿಲ್ಲ. ಶನಿವಾರ ಬೆಳಿಗ್ಗೆ ಗ್ಲ್ಯಾಡಿಸ್ ಸಣ್ಣ ಎಂಬ ಇಡ್ಲಿಯಂಥ ತಿಂಡಿಗೆ ಅಕ್ಕಿ ನೆನೆಹಾಕಿದ್ದಳು. ಭಾನುವಾರ ಬೀರಪ್ಪ, ಸೋಮವ್ವ ಊಟಕ್ಕೆ ಬರುವವರಿದ್ದರು. ಅಷ್ಟರಲ್ಲಿ ವಾರಿಜಕ್ಕ ಗೇಟು ತೆಗೆದು ಬಂದಳು, ಗ್ರೈಂಡರ್ ಕೊಡಿ ಬಾಯಿ ಎಂದು ಎಂದಿನಂತೆ ಸೀದಾ ಅಡುಗೆಮನೆಯ ಕಡೆಗೆ ತಿರುಗಿದಳು. ಹೂ ಕಟ್ಟುತ್ತಾ ಕುಳಿತಿದ್ದ ಗ್ಲ್ಯಾಡಿಸಳ ಕೈಯಲ್ಲಿದ್ದ ಮೊಗ್ಗು ಮಡಿಲಿಗೆ ಬಿತ್ತು. ನಾಲಿಗೆಯ ತುದಿಗೆ ಬಂದ ಸುಳ್ಳನ್ನು ನುಂಗಿಕೊಂಡು, ತುಳುವಿನಲ್ಲಿ, ತನಗೇ ಕೇಳಿಸದಷ್ಟು ಮೆಲ್ಲಗೆ ಹೇಳಿದಳು: "ಇವತ್ತು ಕೊಡುವುದಿಲ್ಲ ವಾರಿಜಕ್ಕ."

ವಾರಿಜಕ್ಕ ನಿಂತಳು. ಎಂತ ಎಂದು ಕೇಳಿದಳು. ಗ್ಲ್ಯಾಡಿಸ್ ಇನ್ನೊಮ್ಮೆ, ಈ ಸಲ ಸ್ವಲ್ಪ ಜೋರಾಗಿ ಹೇಳಿದಳು. ಆಮೇಲೆ ನೆನಪಾಗಿ, ಕುಳಿತುಕೊಳ್ಳಿ ಎಂದಳು.

"ಹೌದಾ, ಸರಿ," ಎಂದಳು ವಾರಿಜಕ್ಕ. ಕುಳಿತಳು. ಮುಂದಿದ್ದ ಮೊಗ್ಗುಗಳ ರಾಶಿಯನ್ನು ಎಳೆದುಕೊಂಡು ತಾನೂ ಕಟ್ಟಲು ಶುರುಮಾಡಿ, ಅಣ್ಣು ಕಾಪುವಿನಲ್ಲಿ ಯಾರದೋ ಹೊಸ ಮನೆಗೆ ಕರೆಂಟು ಎಳೆಯಲು ಹೋಗಿ ಸ್ವಿಚ್ಚುಗಳನ್ನೆಲ್ಲ ಅದಲು ಬದಲು ಮಾಡಿದ ಸುದ್ದಿ ಹೇಳಿದಳು. ಅಲ್ಲಿ ಈಗ ಜಗಲಿಯ ಸ್ವಿಚ್ಚು ಒತ್ತಿದರೆ ಬಚ್ಚಲಿನ ಲೈಟು ಹತ್ತುತ್ತದಂತೆ. ಗ್ರೈಂಡರಿನ ಮಾತೇ ಮತ್ತೆ ಬರಲಿಲ್ಲ. ಹೋಗುವಾಗ, ರುಬ್ಬುವ ಕಲ್ಲು ಮನೆಯಲ್ಲೇ ಉಂಟಲ್ಲ, ಅಣ್ಣುವಿನ ಕೈಯಲ್ಲಿ ಕಡೆಸುತ್ತೇನೆ ಎಂದಳು.

ಗ್ಲ್ಯಾಡಿಸಳ ಕಾಲು ಆ ದಿನವೆಲ್ಲ ನೆಲಕ್ಕೆ ತಾಗಲಿಲ್ಲ. ಮಧ್ಯಾಹ್ನ ಕ್ಲಾರೆನ್ಸ್ ನೀರಿನ ಪೈಪು ಕೇಳಿದ. ಇಲ್ಲ ಎಂದಳು. ಅವನೂ ಬದುಕಿ ಉಳಿದ, ನಿಂಬೆ ಶರಬತ್ತು ಕುಡಿದು ಹೋದ. ಸಂಜೆ ಆನ್ಸಿಲ್ಲಾಳ ಫೋನು ಬಂತು. ನಾಳೆ ಮಧ್ಯಾಹ್ನದ ಮೇಲೆ ನಿನಗೆ, ಎಂದು ಆಕೆ ಶುರುಮಾಡಿದ್ದಷ್ಟೇ, ಗ್ಲ್ಯಾಡಿಸ್ ಖುಷಿಯಲ್ಲಿ ಆಗುವುದಿಲ್ಲ ಎಂದುಬಿಟ್ಟಳು. ಆಯ್ತು, ಹಾಗಾದರೆ ಕಾರಿನ ಸೀಟು ಬೇರೆಯವರಿಗೆ ಕೊಡುತ್ತೇನೆ, ಅತ್ತೂರಿನ ಇಗರ್ಜಿಗೆ ಬರುತ್ತೀಯಾ ಎಂದು ಕೇಳಲಿಕ್ಕೆ ಮಾಡಿದ್ದು ಎಂದು ಆನ್ಸಿಲ್ಲಾ ಫೋನ್ ಇಟ್ಟಳು. ಗ್ಲ್ಯಾಡಿಸ್ ಮೊಬೈಲನ್ನೇ ನೋಡುತ್ತಾ ನಿಂತಳು. ಅತ್ತೂರಿಗೆ ಹೋಗದೆ ಎರಡು ವರ್ಷವಾಗಿತ್ತು. ಮತ್ತೆ ಫೋನ್ ಮಾಡುವಷ್ಟರಲ್ಲಿ ಸೀಟು ಹೋಗಿತ್ತು. ಈಗ ಜಾಗ ಇಲ್ಲ ಎಂದು ಆನ್ಸಿಲ್ಲಾ ನೇರವಾಗಿಯೇ ಹೇಳಿದಳು. ಅದೂ ನೋಯಲಿಲ್ಲ.

ಭಾನುವಾರ ಊಟಕ್ಕೆ ಸಣ್ಣ, ಕೋಳಿ ಸಾರು. ಬೀರಪ್ಪ ಹನ್ನೊಂದು ಸಣ್ಣ ತಿಂದ. ಕಾರಿನ ಕಥೆ ಕೇಳಿದ ಸೋಮವ್ವ, ಬಸ್ಸು ಇಲ್ವೇನ್ರಿ ಎಂದು ಕೇಳಿದಳು. ಬಸ್ಸು ಇತ್ತು. ಗಂಡಸರಿಬ್ಬರನ್ನು ಪಾತ್ರೆಗಳ ಮುಂದೆ ಬಿಟ್ಟು ಅವರಿಬ್ಬರೂ ಒಂದೂವರೆಯ ಬಸ್ಸು ಹಿಡಿದರು. ಶಿರ್ವ, ಬೆಳ್ಮಣ್ ದಾಟಿ ಕಾರ್ಕಳದ ದಾರಿ. ಸೋಮವ್ವ ಕಿಟಕಿಯ ಬದಿಯಲ್ಲಿ ಕುಳಿತಳು. ಅತ್ತೂರಿನ ಇಗರ್ಜಿಯಲ್ಲಿ ಗ್ಲ್ಯಾಡಿಸ್ ಮೇಣದ ಬತ್ತಿ ಹಚ್ಚಿದಳು. ಸೋಮವ್ವನೂ ಒಂದು ಹಚ್ಚಿ, ಸೆರಗು ಹೊದ್ದು, ಗಂಡನ ಬೆನ್ನುನೋವು ಹೋಗಲಿ ಎಂದು ಗಟ್ಟಿಯಾಗಿಯೇ ಬೇಡಿಕೊಂಡಳು.

ಹಿಂದಿರುಗುವಾಗ ಕಾರ್ಕಳ ಪೇಟೆಯಲ್ಲಿ ಐಸ್‌ಕ್ರೀಮಿನ ಅಂಗಡಿಯೊಳಗೆ ಹೊಕ್ಕರು. ಸೋಮವ್ವ ಗಡ್‌ಬಡ್ ಎಂಬುದನ್ನು ಅಲ್ಲಿಯವರೆಗೆ ತಿಂದಿರಲಿಲ್ಲ. ಉದ್ದ ಗ್ಲಾಸಿನ ತಳದಲ್ಲಿದ್ದ ಜೆಲ್ಲಿಯನ್ನು ಚಮಚದಲ್ಲಿ ಹಿಡಿಯಲು ಹೋದರೆ ಅದು ಮೂರು ಸಲ ಜಾರಿತು. ಇಬ್ಬರೂ ನಗುತ್ತಾ ಕುಳಿತದ್ದರಲ್ಲಿ ಬಸ್ಸು ತಪ್ಪಿತು. ಅಷ್ಟರಲ್ಲಿ ಸ್ಟ್ಯಾನಿಸ್ಲಾಸರ ಫೋನು ಬಂತು. ಅಣ್ಣು ಕೊಡಲಿ ಕೇಳಿಕೊಂಡು ಬಂದಿದ್ದಾನೆ, ನಾನು ಇಲ್ಲ ಎಂದೆ, ಈಗ ಅವನೂ ಬೀರಪ್ಪನೂ ಜಗಲಿಯಲ್ಲಿ ಕುಳಿತು ಇಸ್ಪೀಟು ಆಡುತ್ತಿದ್ದಾರೆ, ಚಹಾ ಪುಡಿ ಎಲ್ಲಿ ಉಂಟು ಎಂದು ಕೇಳಿದರು. ಮೇಲಿನ ಕಪಾಟಿನ ಹಸಿರು ಡಬ್ಬಿಯಲ್ಲಿ ಎಂದಳು ಗ್ಲ್ಯಾಡಿಸ್. ಎಷ್ಟು ಹೊತ್ತಿಗೆ ಬರುತ್ತೀ ಎಂದು ಅವರು ಕೇಳಿದರು.

ಮುಂದಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಸೋಮವ್ವ ಆಗಲೇ ಇನ್ನೊಂದು ಐಸ್‌ಕ್ರೀಮ್ ತರಲು ಅಂಗಡಿಯವನನ್ನು ಕೈ ಬೀಸಿ ಕರೆಯುತ್ತಿದ್ದಳು.